ಊಟ ಬಿಟ್ಟ ದಿನವೂ ಇನ್ಸುಲಿನ್ ಬೇಕು

“ಏನೂ ತಿಂದಿಲ್ಲ ಸರ್, ವಾಂತಿ ಬೇರೆ. ಅದಕ್ಕೇ ನಿನ್ನೆಯಿಂದ ಇನ್ಸುಲಿನ್ ಹಾಕಿಲ್ಲ.”

ಯಾವುದೇ ಜಿಲ್ಲಾ ಆಸ್ಪತ್ರೆಯ ಕ್ಯಾಶುಯಾಲಿಟಿಯಲ್ಲಿ ಕೆಲಸ ಮಾಡಿದವರಿಗೆ ಈ ಮಾತು ಬಾಯಿಪಾಠ. ಹೇಳುವವರು ಸಾಮಾನ್ಯವಾಗಿ ರೋಗಿಯ ಅಮ್ಮ, ಇಲ್ಲವೇ ಹೆಂಡತಿ. ಹೇಳುವಾಗ ಅವರಿಗೆ ಅಳುಕಿರುವುದಿಲ್ಲ, ಜಾಗ್ರತೆಯಾಗಿ ನಡೆದುಕೊಂಡಿದ್ದೇವೆ ಎಂಬ ಸಮಾಧಾನ ಇರುತ್ತದೆ. ಅವರ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಇನ್ಸುಲಿನ್ ಸಕ್ಕರೆ ಇಳಿಸುತ್ತದೆ, ಹೊಟ್ಟೆಗೇ ಏನೂ ಹೋಗಿಲ್ಲ ಅಂದಮೇಲೆ ಇಳಿಸುವುದಕ್ಕೆ ಏನಿದೆ, ಹಾಕಿದರೆ ಲೋ ಶುಗರ್ ಆಗಿ ತಲೆ ತಿರುಗಿ ಬಿದ್ದರೆ? ನಾನು ಇವತ್ತು ಇಲ್ಲಿಗೆ ಬಂದಿರುವುದು ಈ ಒಂದು ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ಹೇಳುವುದಕ್ಕೆ. ಮಿಕ್ಕಿದ್ದೆಲ್ಲ ಇದರ ಸುತ್ತಲೇ ಬರುತ್ತದೆ.

ಇನ್ಸುಲಿನ್‌ಗೆ ಎರಡು ಕೆಲಸ. ಒಂದು ನಮಗೆಲ್ಲ ಗೊತ್ತಿರುವುದು: ರಕ್ತದಲ್ಲಿರುವ ಸಕ್ಕರೆಯನ್ನು ಜೀವಕೋಶಗಳ ಒಳಗೆ ಸೇರಿಸುವುದು. ಇನ್ನೊಂದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಮೈಯಲ್ಲಿರುವ ಕೊಬ್ಬು ಮನಸೋ ಇಚ್ಛೆ ಕರಗದಂತೆ ಹಿಡಿದಿಡುವುದು ಅದರ ಎರಡನೆಯ ಕೆಲಸ. ಈ ಎರಡನೆಯದಕ್ಕೆ ಬೇಕಾಗುವ ಇನ್ಸುಲಿನ್ ಬಹಳ ಕಡಿಮೆ, ಆದರೆ ಅದು ಇಪ್ಪತ್ತನಾಲ್ಕು ಗಂಟೆಯೂ ಬೇಕು. ನೀವು ಉಂಡರೂ ಬೇಕು, ಉಪವಾಸವಿದ್ದರೂ ಬೇಕು, ನಿದ್ದೆಯಲ್ಲೂ ಬೇಕು.

ಅದು ಇಲ್ಲದಾಗ ಏನಾಗುತ್ತದೆ? ಅಡುಗೆಮನೆಯಲ್ಲಿ ಸಿಲಿಂಡರ್ ತುಂಬಿದೆ, ರೆಗ್ಯುಲೇಟರ್ ಮಾತ್ರ ಕೈಕೊಟ್ಟಿದೆ ಎಂದುಕೊಳ್ಳಿ. ಗ್ಯಾಸ್ ಇದ್ದೂ ಒಲೆ ಉರಿಯುವುದಿಲ್ಲ. ಅಡುಗೆ ನಿಲ್ಲಿಸುವ ಹಾಗಿಲ್ಲ, ಹಸಿ ಸೌದೆ ತಂದು ಒಳಗೇ ಒಲೆ ಹೂಡುತ್ತೀರಿ. ಅನ್ನವೇನೋ ಬೇಯುತ್ತದೆ, ಆದರೆ ಮನೆ ತುಂಬ ಹೊಗೆ. ಸಕ್ಕರೆ ರಕ್ತದಲ್ಲಿ ತುಂಬಿದ್ದರೂ ಕೋಶಗಳಿಗೆ ಸಿಗದಾಗ ದೇಹ ಕೊಬ್ಬನ್ನು ಉರಿಸಲು ಶುರುಮಾಡುತ್ತದೆ. ಕೊಬ್ಬು ಯಕೃತ್ತಿಗೆ ಹೋಗಿ ಅಲ್ಲಿ ಕೀಟೋನ್ ಆಗಿ ಹೊರಬರುತ್ತದೆ. ಆ ಹೊಗೆಯೇ ಕೀಟೋನ್. ಸ್ವಲ್ಪವಿದ್ದರೆ ತೊಂದರೆಯಿಲ್ಲ, ತುಂಬಿದರೆ ಉಸಿರು ಕಟ್ಟುತ್ತದೆ.

ಸ್ವಲ್ಪವಿದ್ದರೆ ತೊಂದರೆಯಿಲ್ಲ ಎಂದೆ. ಕೀಟೋನ್ ಎಂದರೇ ವಿಷ ಎಂದು ಕೆಲವರು ಹೆದರಿಸುತ್ತಾರೆ, ಅದು ಸರಿಯಲ್ಲ. ಸಕ್ಕರೆ ಕಾಯಿಲೆ ಇಲ್ಲದವರೂ ರಾತ್ರಿ ಉಂಡು ಮಲಗಿ ಬೆಳಿಗ್ಗೆ ಎದ್ದಾಗ ರಕ್ತದಲ್ಲಿ ಒಂದಿಷ್ಟು ಕೀಟೋನ್ ಇರುತ್ತದೆ. ಏಕಾದಶಿ ನಿರಾಹಾರ ಮಾಡುವ ಅಜ್ಜಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚಿರುತ್ತದೆ. ಮೆದುಳು, ಹೃದಯ ಅದನ್ನು ಇಂಧನವಾಗಿ ಬಳಸಿಕೊಳ್ಳುತ್ತವೆ. ಆ ಅಜ್ಜಿಗೆ ಏನೂ ಆಗುವುದಿಲ್ಲ, ಏಕೆಂದರೆ ಅವರ ಮೇದೋಜೀರಕ ಗ್ರಂಥಿ ಹನಿ ಹನಿಯಾಗಿ ಇನ್ಸುಲಿನ್ ಬಿಡುತ್ತಲೇ ಇರುತ್ತದೆ. ಕೀಟೋನ್ ಒಂದು ಮಟ್ಟ ದಾಟದಂತೆ ನೋಡಿಕೊಳ್ಳುತ್ತದೆ. ಟೈಪ್ 1 ಎಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ಹೆಚ್ಚುಕಡಿಮೆ ನಿಂತುಹೋಗುವ ಬಗೆಯ ಸಕ್ಕರೆ ಕಾಯಿಲೆ, ಅದು ಇರುವ ಮಗುವಿಗೆ ಆ ಹನಿ ಹೊರಗಿನಿಂದಲೇ ಹೋಗಬೇಕು. ಸೂಜಿ ಬಿಟ್ಟರೆ ತಡೆಯುವವರು ಯಾರೂ ಇಲ್ಲ. ಮೇಲಾಗಿ ಜ್ವರ, ಸೋಂಕು ಬಂದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್‌ನಂಥ ಹಾರ್ಮೋನುಗಳನ್ನು ಹೆಚ್ಚಾಗಿ ಬಿಡುತ್ತದೆ. ಅವೆಲ್ಲ ಇನ್ಸುಲಿನ್‌ಗೆ ವಿರುದ್ಧ ಕೆಲಸ ಮಾಡುವಂಥವು. ಅಂದರೆ ಕಾಯಿಲೆ ಬಿದ್ದ ದಿನ, ಊಟ ಸೇರದ ದಿನ, ಮಾಮೂಲಿಗಿಂತ ಹೆಚ್ಚು ಇನ್ಸುಲಿನ್ ಬೇಕಾಗುವುದೇ ಹೆಚ್ಚು. ನಾವು ಮಾಡುವುದು ಸರಿಯಾಗಿ ಇದಕ್ಕೆ ಉಲ್ಟಾ.

ಕೀಟೋನ್‌ಗಳು ಹುಳಿ ಗುಣದವು, ಆಮ್ಲ. ಹುಳಿಯನ್ನು ಅಳೆಯುವುದು ಪಿಎಚ್ ಎಂಬ ಅಂಕಿಯಲ್ಲಿ, ಅದು ಇಳಿದಷ್ಟೂ ಹುಳಿ ಹೆಚ್ಚು. ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರಬೇಕು. ಅಷ್ಟು ಕಿರಿದಾದ ಜಾಗದಲ್ಲೇ ನಮ್ಮ ಬದುಕು. ಕೀಟೋನ್ ಏರಿದಾಗ ರಕ್ತದಲ್ಲಿರುವ ಬೈಕಾರ್ಬೊನೇಟ್ ಅದನ್ನು ಸಮಮಾಡುತ್ತ ಮಾಡುತ್ತ ತಾನೇ ಖರ್ಚಾಗುತ್ತದೆ. ಪಿಎಚ್ 7.3ಕ್ಕಿಂತ ಕೆಳಗೆ, ಇಲ್ಲವೇ ಬೈಕಾರ್ಬೊನೇಟ್ 18ಕ್ಕಿಂತ ಕೆಳಗೆ ಬಂದು, ಜೊತೆಗೆ ರಕ್ತದ ಕೀಟೋನ್ 3 ಮುಟ್ಟಿದ್ದರೆ ಅದಕ್ಕೆ ಡಯಾಬಿಟಿಕ್ ಕೀಟೋಅಸಿಡೋಸಿಸ್ ಎನ್ನುತ್ತೇವೆ. ಉದ್ದದ ಹೆಸರು, ನಾವು ಆಸ್ಪತ್ರೆಯಲ್ಲಿ ಡಿಕೆಎ ಎಂದೇ ಕರೆಯುವುದು. ನೀವೂ ಹಾಗೇ ನೆನಪಿಟ್ಟುಕೊಳ್ಳಿ.

ಇಲ್ಲಿ ಒಂದು ಹಳೆಯ ಕಥೆ ಹೇಳಲೇಬೇಕು, ವಿಷಯ ಸ್ವಲ್ಪ ಆಚೆ ಹೋದರೂ ಪರವಾಗಿಲ್ಲ. 1922ರ ಜನವರಿ, ಕೆನಡಾದ ಟೊರಾಂಟೊ. ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ. ತೂಕ 30 ಕೆಜಿಯೂ ಇಲ್ಲ, ಉಸಿರಿನಲ್ಲಿ ಅಸಿಟೋನ್ ವಾಸನೆ. ಆಗಿನ್ನೂ ಇನ್ಸುಲಿನ್ ಇಲ್ಲ. ಟೈಪ್ 1 ಬಂದ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಒಂದೋ ಎರಡೋ ವರ್ಷ ಬದುಕಿಸಿಕೊಳ್ಳುವುದಷ್ಟೇ ವೈದ್ಯರ ಕೈಲಿದ್ದದ್ದು. ಜನವರಿ 11ರಂದು ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಸಂಶೋಧಕರು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತಯಾರಿಸಿದ ಸಾರವನ್ನು ಅವನಿಗೆ ಚುಚ್ಚಿದರು. ಸಕ್ಕರೆ 440ರಿಂದ 320ಕ್ಕೆ ಇಳಿಯಿತು. ಇಳಿಯಿತಲ್ಲ, ಸಂತೋಷಪಡಬೇಕಿತ್ತು ಅಲ್ಲವೇ? ಪಡಲಿಲ್ಲ. ಏಕೆಂದರೆ ಮೂತ್ರದಲ್ಲಿ ಕೀಟೋನ್ ಹಾಗೇ ಇತ್ತು, ಹುಡುಗನೂ ಹಾಗೇ ಇದ್ದ. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಆ ಸಾರವನ್ನು ಇನ್ನಷ್ಟು ಶುದ್ಧಮಾಡಿಕೊಟ್ಟ ಮೇಲೆ ಜನವರಿ 23ರಂದು ಮತ್ತೆ ಶುರುಮಾಡಿದರು. ಈ ಸಲ ಸಕ್ಕರೆ 520ರಿಂದ 120ಕ್ಕೆ ಬಂತು, ಕೀಟೋನ್ ಮಾಯವಾಯಿತು, ಹುಡುಗ ಎದ್ದು ಕೂತ. ನೂರು ವರ್ಷದ ಹಿಂದೆ ಆ ವೈದ್ಯರು ‘ಔಷಧ ಕೆಲಸ ಮಾಡಿತು’ ಎಂದು ನಂಬಿದ್ದು ಸಕ್ಕರೆಯ ಜೊತೆಗೆ ಕೀಟೋನ್ ಕೂಡ ಹೋದಾಗ. ನಾವು ಇವತ್ತು ಸಾವಿರಾರು ರೂಪಾಯಿಯ ಮೀಟರ್ ಇಟ್ಟುಕೊಂಡು ಸಕ್ಕರೆ ಒಂದನ್ನೇ ನೋಡುತ್ತಿದ್ದೇವೆ.

ಇನ್ನು ಲಕ್ಷಣಗಳು. ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು, ಇವು ನಿಮಗೆ ಗೊತ್ತು. ಡಿಕೆಎಗೆ ತಿರುಗಿದಾಗ ಬರುವುದು ಹೊಟ್ಟೆನೋವು ಮತ್ತು ವಾಂತಿ. ಇಲ್ಲೇ ಎಲ್ಲರೂ ದಾರಿ ತಪ್ಪುವುದು, ಎಷ್ಟೋ ಸಲ ವೈದ್ಯರೂ. ಹೊಟ್ಟೆನೋವು ಎಷ್ಟು ಜೋರಿರುತ್ತದೆ ಎಂದರೆ ಅಪೆಂಡಿಕ್ಸ್ ಇರಬಹುದೆಂದು ಸರ್ಜನ್ನರನ್ನು ಕರೆಸುವುದುಂಟು. ಆಮೇಲೆ ಉಸಿರು. ಮಾಮೂಲಿ ಏದುಸಿರಲ್ಲ, ಮಲಗಿದ್ದಲ್ಲೇ, ಓಡಿಬಂದವರ ಹಾಗೆ, ಆಳವಾಗಿ, ಒಂದೇ ಸಮನೆ. ಜರ್ಮನಿಯ ಕುಸ್‌ಮಾಲ್ ಎಂಬ ವೈದ್ಯ 1874ರಲ್ಲಿ ಇದನ್ನು ವರ್ಣಿಸಿದ, ಇವತ್ತಿಗೂ ಅವನ ಹೆಸರಿನಲ್ಲೇ ಕರೆಯುತ್ತೇವೆ. ದೇಹ ರಕ್ತದ ಹುಳಿಯನ್ನು ಕಾರ್ಬನ್ ಡೈಆಕ್ಸೈಡ್ ರೂಪದಲ್ಲಿ ಹೊರಗೆಸೆಯುತ್ತಿದೆ ಎಂದು ಅದರ ಅರ್ಥ. ಶ್ವಾಸಕೋಶ ಸ್ವಚ್ಛವಾಗಿರುತ್ತದೆ. ಆದರೂ ನ್ಯುಮೋನಿಯಾ, ವೀಸಿಂಗ್ ಎಂದು ನೆಬ್ಯುಲೈಸರ್ ಇಟ್ಟವರನ್ನು ನೋಡಿದ್ದೇನೆ. ಬಾಯಿಯಿಂದ ವಾಸನೆ: ಕೆಲವರು ಕಳಿತ ಹಣ್ಣಿನ ಹಾಗೆ ಎನ್ನುತ್ತಾರೆ, ಹೆಣ್ಣುಮಕ್ಕಳಿಗೆ ನೇಲ್ ಪಾಲಿಶ್ ತೆಗೆಯುವ ದ್ರಾವಣ ಎಂದರೆ ಬೇಗ ಗೊತ್ತಾಗುತ್ತದೆ, ಆ ಉಸಿರಲ್ಲೂ ಆ ದ್ರಾವಣದಲ್ಲೂ ಇರುವುದು ಅದೇ ಅಸಿಟೋನ್. ಎಲ್ಲರ ಮೂಗಿಗೂ ಈ ವಾಸನೆ ಹಿಡಿಯುವುದಿಲ್ಲ, ಆದ್ದರಿಂದ ವಾಸನೆ ಇಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ.

ಸಕ್ಕರೆ ಕಾಯಿಲೆ ಇದೆ ಎಂದೇ ಗೊತ್ತಿಲ್ಲದ ಮಕ್ಕಳದು ಇನ್ನೂ ಕಷ್ಟ. ಎಷ್ಟೋ ಮಕ್ಕಳಿಗೆ ಟೈಪ್ 1 ಇದೆ ಎಂದು ಗೊತ್ತಾಗುವುದೇ ಡಿಕೆಎ ಆಗಿ ಬಂದಾಗ. ಏಳನೇ ಕ್ಲಾಸಿನ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ, ಊರು ಹೆಸರು ಬೇಡ. ಒಂದು ತಿಂಗಳಿನಿಂದ ರಾತ್ರಿ ನಾಲ್ಕೈದು ಸಲ ಎದ್ದು ಮೂತ್ರಕ್ಕೆ ಹೋಗುತ್ತಿದ್ದಳು. ಎರಡು ಸಲ ಹಾಸಿಗೆಯಲ್ಲೇ ಆಯಿತು. ಇಷ್ಟು ದೊಡ್ಡವಳಾಗಿ, ಎಂದು ಅಮ್ಮ ಬೈದರು. ಬಚ್ಚಲ ಹತ್ತಿರ ಇರುವೆ ಮುತ್ತುತ್ತಿದ್ದುದನ್ನು ಅಜ್ಜಿ ಗಮನಿಸಿದ್ದರು, ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಚೆನ್ನಾಗಿ ತಿಂದರೂ ಸೊರಗುತ್ತಿದ್ದಾಳೆಂದು ಜಂತುಹುಳದ ಮಾತ್ರೆ ಕೊಟ್ಟರು. ಆಮೇಲೆ ವಾಂತಿ, ಸುಸ್ತು. ಹತ್ತಿರದ ಕ್ಲಿನಿಕ್ಕಿಗೆ ಹೋಗಿ ‘ಗ್ಲೂಕೋಸ್ ಹಾಕಿಸಿದರು’. ನಮ್ಮಲ್ಲಿ ಯಾವ ಡ್ರಿಪ್ಪಿಗೂ ಗ್ಲೂಕೋಸ್ ಎಂದೇ ಹೇಳುವುದು ರೂಢಿ. ಆದರೆ ಈ ಹುಡುಗಿಗೆ ಹಾಕಿದ್ದು ನಿಜವಾಗಿಯೂ ಗ್ಲೂಕೋಸೇ. ನಮ್ಮ ಹತ್ತಿರ ಬಂದಾಗ ಮೀಟರಿನಲ್ಲಿ ಅಂಕಿಯೇ ಬರಲಿಲ್ಲ, ‘ಹೈ’ ಎಂದು ತೋರಿಸಿತು. ಬದುಕಿದಳು, ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಆ ಕ್ಲಿನಿಕ್ಕಿನಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಿದ್ದರೆ ಒಂದು ನಿಮಿಷದ ಕೆಲಸವಾಗಿತ್ತು. ಈ ಸಭೆಯಲ್ಲಿ ಆಶಾ ಕಾರ್ಯಕರ್ತೆಯರು, ಮೇಷ್ಟ್ರುಗಳು ಇದ್ದೀರಿ: ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿತ, ಈ ಮೂರು ಒಟ್ಟಿಗೆ ಕಂಡ ಯಾವ ಮಗುವನ್ನೂ ಅದೇ ದಿನ ಶುಗರ್ ನೋಡಿಸದೆ ಮನೆಗೆ ಕಳಿಸಬೇಡಿ. ನಾಳೆ ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ ಬರಲಿ ಎನ್ನುವುದೂ ಬೇಡ.

ಈಗ ಅಳತೆಗೆ ಬರೋಣ. ಕೀಟೋನ್ ಅಳೆಯಲು ಎರಡು ದಾರಿ. ಮೂತ್ರದ ಪಟ್ಟಿ, ಅಂದರೆ ಸ್ಟ್ರಿಪ್, ಮತ್ತು ರಕ್ತದ ಮೀಟರ್.

ಮೂತ್ರದ ಸ್ಟ್ರಿಪ್ ಅಗ್ಗ. ಒಂದು ಸ್ವಚ್ಛ ಲೋಟದಲ್ಲಿ ಮೂತ್ರ ಹಿಡಿದು, ತುದಿಯ ಚೌಕ ಮುಳುಗುವಂತೆ ಅದ್ದಿ ತಕ್ಷಣ ತೆಗೆದು, ಅಂಚನ್ನು ಲೋಟಕ್ಕೆ ತಾಗಿಸಿ ಹೆಚ್ಚಿನದನ್ನು ಬಸಿಯಬೇಕು. ಡಬ್ಬಿಯ ಮೇಲೆ ಬರೆದಿರುವಷ್ಟೇ ಸೆಕೆಂಡು ಕಾಯಬೇಕು. ಕೀಟೋನ್ ಚೌಕಕ್ಕೆ ಹೆಚ್ಚಾಗಿ 15 ಸೆಕೆಂಡು. ತಿಳಿ ಕಂದು ಬಣ್ಣ ಹಾಗೇ ಉಳಿದರೆ ಇಲ್ಲ ಎಂದರ್ಥ. ಗುಲಾಬಿಗೆ ತಿರುಗಿದರೆ ಸ್ವಲ್ಪ. ನೇರಳೆಹಣ್ಣಿನ ಬಣ್ಣಕ್ಕೆ ಹೋದರೆ ಬಹಳ. ಎರಡು ನಿಮಿಷ ಬಿಟ್ಟು ನೋಡಿದರೆ ಬಣ್ಣ ಇನ್ನೂ ಗಾಢವಾಗಿ ಸುಮ್ಮನೆ ಗಾಬರಿಯಾಗುತ್ತದೆ. ಡಬ್ಬಿಯ ಮುಚ್ಚಳ ಸಡಿಲ ಬಿಟ್ಟು ಬಚ್ಚಲಲ್ಲೇ ಇಟ್ಟರೆ ತೇವಕ್ಕೆ ಸ್ಟ್ರಿಪ್ ಕೆಡುತ್ತದೆ. ಕೆಟ್ಟ ಸ್ಟ್ರಿಪ್ ಕೀಟೋನ್ ಇದ್ದರೂ ಇಲ್ಲ ಎನ್ನುತ್ತದೆ, ಅದೇ ಹೆಚ್ಚು ಅಪಾಯ.

ಆದರೆ ಮೂತ್ರದ ಸ್ಟ್ರಿಪ್ಪಿಗೆ ಹುಟ್ಟಿನಿಂದಲೇ ಒಂದು ಕೊರತೆ ಇದೆ. ನಮ್ಮ ದೇಹದಲ್ಲಿ ಮುಖ್ಯವಾಗಿ ಎರಡು ಬಗೆಯ ಕೀಟೋನ್: ಅಸಿಟೋಅಸಿಟೇಟ್ ಮತ್ತು ಬೀಟಾ ಹೈಡ್ರಾಕ್ಸಿಬ್ಯುಟಿರೇಟ್. ಮಾಮೂಲಿ ದಿನಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಡಿಕೆಎ ಆದಾಗ ಎರಡನೆಯದು ಮೊದಲಿನದರ ಮೂರು ಪಟ್ಟು, ಕೆಲವೊಮ್ಮೆ ಹತ್ತು ಪಟ್ಟು ಆಗುತ್ತದೆ. ಮೂತ್ರದ ಸ್ಟ್ರಿಪ್ ನೋಡುವುದು ಮೊದಲಿನದನ್ನು ಮಾತ್ರ. ಅಂದರೆ ನಿಜವಾಗಿ ಹೆಚ್ಚಿರುವುದನ್ನು ಅದು ನೋಡುವುದೇ ಇಲ್ಲ. ಜೊತೆಗೆ ಮೂತ್ರಕೋಶದಲ್ಲಿ ಇರುವುದು ಕಳೆದ ಕೆಲವು ಗಂಟೆಗಳದ್ದು, ಈ ಕ್ಷಣದ್ದಲ್ಲ. ಇನ್ನೊಂದು ತಮಾಷೆ ಇದೆ. ಚಿಕಿತ್ಸೆ ಶುರುವಾದ ಮೇಲೆ ಎರಡನೆಯ ಬಗೆಯ ಕೀಟೋನ್ ಮೊದಲಿನ ಬಗೆಗೆ ತಿರುಗುತ್ತದೆ. ಆಗ ರೋಗಿ ಸುಧಾರಿಸುತ್ತಿದ್ದರೂ ಸ್ಟ್ರಿಪ್ಪಿನ ಬಣ್ಣ ಏರುತ್ತಿರುವಂತೆ ಕಾಣುತ್ತದೆ. ಹಾಗಾಗಿ ಚಿಕಿತ್ಸೆ ಹೇಗೆ ಸಾಗಿದೆ ಎಂದು ನೋಡುವುದಕ್ಕೆ ಅದು ಬರುವುದಿಲ್ಲ.

ರಕ್ತದ ಮೀಟರ್ ನೇರವಾಗಿ ಬೀಟಾ ಹೈಡ್ರಾಕ್ಸಿಬ್ಯುಟಿರೇಟನ್ನೇ ಅಳೆಯುತ್ತದೆ. ಶುಗರ್ ನೋಡುವ ಹಾಗೇ ಬೆರಳು ಚುಚ್ಚಿ ಒಂದು ಹನಿ. ಸ್ಟ್ರಿಪ್ ದುಬಾರಿ, ತಾಲ್ಲೂಕಿನ ಮೆಡಿಕಲ್ ಶಾಪ್‌ಗಳಲ್ಲಿ ಹೇಳಿ ತರಿಸಬೇಕಾಗುತ್ತದೆ. ಆದರೂ ಟೈಪ್ 1 ಇರುವ ಮನೆಯಲ್ಲಿ ಶಕ್ತಿ ಇದ್ದರೆ ಒಂದು ಇಟ್ಟುಕೊಳ್ಳಿ ಎಂದೇ ನನ್ನ ಸಲಹೆ. ಇಲ್ಲದಿದ್ದರೆ ಮೂತ್ರದ ಸ್ಟ್ರಿಪ್ ಆದರೂ ಇರಲಿ. ಏನೂ ಇಲ್ಲದೆ ಇರುವುದಕ್ಕಿಂತ ಅದು ಎಷ್ಟೋ ಮೇಲು.

ಅಂಕಿಗಳು ಹೀಗಿವೆ, ಮೊಬೈಲಿನಲ್ಲಿ ಬರೆದುಕೊಳ್ಳುವವರು ಬರೆದುಕೊಳ್ಳಿ. ರಕ್ತದ ಕೀಟೋನ್ 0.6ಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 0.6ರಿಂದ 1.5ರವರೆಗೆ ಇದ್ದರೆ ಎಚ್ಚರ, ಎರಡು ಗಂಟೆ ಬಿಟ್ಟು ಮತ್ತೆ ನೋಡಿ. 1.5 ದಾಟಿದರೆ ಡಿಕೆಎ ಕಡೆಗೆ ಹೊರಟಿದ್ದೀರಿ, ವೈದ್ಯರಿಗೆ ಆಗಲೇ ಫೋನ್ ಮಾಡಿ. 3 ಮುಟ್ಟಿದರೆ ಫೋನ್ ಎಲ್ಲ ಬೇಡ, ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108. ಶುಗರ್ ನೂರರ ಲೆಕ್ಕದಲ್ಲಿ ಬರುತ್ತದೆ, ಕೀಟೋನ್ ಒಂದು ಎರಡು ಮೂರರ ಲೆಕ್ಕದಲ್ಲಿ, ಏಕೆಂದರೆ ಅಳತೆಯ ಮಾನ ಬೇರೆ. ‘ಮೂರೇ ತಾನೇ’ ಎಂದು ಮನೆಯಲ್ಲೇ ಉಳಿದವರಿದ್ದಾರೆ. ಕೀಟೋನ್‌ನಲ್ಲಿ ಮೂರು ಸಣ್ಣ ಸಂಖ್ಯೆಯಲ್ಲ.

ಯಾವಾಗ ನೋಡಬೇಕು? ದಿನಾ ಬೇಡ. ಶುಗರ್ 250ರ ಮೇಲೇರಿ ಇಳಿಯದೆ ನಿಂತಾಗ, ಜ್ವರ ಬಂದಾಗ, ವಾಂತಿ ಅಥವಾ ಹೊಟ್ಟೆನೋವು ಇದ್ದಾಗ, ಇನ್ಸುಲಿನ್ ತಪ್ಪಿಹೋದಾಗ. ಇನ್ಸುಲಿನ್ ಪಂಪ್ ಹಾಕಿಕೊಂಡವರು ಇನ್ನಷ್ಟು ಬೇಗ ನೋಡಬೇಕು, ಏಕೆಂದರೆ ಪಂಪಿನಲ್ಲಿ ಹೋಗುವುದು ಬೇಗ ಮುಗಿಯುವ ಇನ್ಸುಲಿನ್ ಮಾತ್ರ. ನಳಿಕೆ ಮಡಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಕೀಟೋನ್ ಏರುತ್ತದೆ.

ಕೀಟೋನ್ ಇದೆ ಎಂದು ಗೊತ್ತಾಯಿತು, ಮಾಡುವುದೇನು? ದಿನಕ್ಕೊಮ್ಮೆ ಹಾಕುವ, ಇಡೀ ದಿನ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಯಾವ ಕಾರಣಕ್ಕೂ ನಿಲ್ಲಬಾರದು. ಜೊತೆಗೆ ಬೇಗ ಕೆಲಸ ಮಾಡುವ ಇನ್ಸುಲಿನ್ ಹೆಚ್ಚುವರಿ ಹಾಕಬೇಕಾಗುತ್ತದೆ. ಕೀಟೋನ್ 1.5 ದಾಟಿದಾಗ ಇದು ಸಾಮಾನ್ಯವಾಗಿ ದಿನದ ಒಟ್ಟು ಡೋಸಿನ ಹತ್ತರಲ್ಲಿ ಒಂದು ಭಾಗದಿಂದ ಐದರಲ್ಲಿ ಒಂದು ಭಾಗದವರೆಗೆ. ನಿಮಗೆ ಎಷ್ಟು ಎಂದು ನಿಮ್ಮ ವೈದ್ಯರಿಂದ ಆರೋಗ್ಯವಾಗಿರುವಾಗಲೇ ಒಂದು ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ಅರ್ಧರಾತ್ರಿಯಲ್ಲಿ ಲೆಕ್ಕ ಹಾಕುವುದು ಆಗದ ಮಾತು. ನೀರು ಗುಟುಕು ಗುಟುಕಾಗಿ ಕುಡಿಸುತ್ತಿರಿ. ಉಪ್ಪು ಹಾಕಿದ ನೀರು ಮಜ್ಜಿಗೆ, ತೆಳ್ಳನೆ ಸಾರು ಒಳ್ಳೆಯದು. ಶುಗರ್ ಮತ್ತು ಕೀಟೋನ್ ಎರಡನ್ನೂ ಎರಡು ಗಂಟೆಗೊಮ್ಮೆ ನೋಡಿ.

ಇಲ್ಲೊಂದು ಸೂಕ್ಷ್ಮ ಇದೆ. ಕೀಟೋನ್ ಇದೆ, ಆದರೆ ಶುಗರ್ ಹೆಚ್ಚಿಲ್ಲ, 120 ಇದೆ ಎಂದಿಟ್ಟುಕೊಳ್ಳಿ. ಇನ್ಸುಲಿನ್ ಹಾಕಲು ಭಯ. ಆಗ ಗಂಜಿ, ಎಳನೀರು, ಸಕ್ಕರೆ ಹಾಕಿದ ನಿಂಬೆ ಪಾನಕ ಕೊಟ್ಟು, ಅದರ ಬಲದ ಮೇಲೆ ಇನ್ಸುಲಿನ್ ಹಾಕಬೇಕು. ಎಷ್ಟು ಎಂಬುದು ಮತ್ತೆ ಆ ಚೀಟಿಯ ಪ್ರಕಾರವೇ. ಸಕ್ಕರೆ ಕಾಯಿಲೆಯವರಿಗೆ ಪಾನಕವೇ ಎಂದು ಮನೆಯಲ್ಲಿ ಹಿರಿಯರು ಹುಬ್ಬೇರಿಸುತ್ತಾರೆ. ಕೀಟೋನ್ ಇಳಿಸುವುದು ಇನ್ಸುಲಿನ್, ಇನ್ಸುಲಿನ್ ಹಾಕುವುದಕ್ಕೆ ಧೈರ್ಯ ಕೊಡುವುದು ಪಾನಕ. ಏನು ಕೊಟ್ಟರೂ ವಾಂತಿಯಾಗುತ್ತಿದೆ, ಉಸಿರು ಜೋರಾಗಿದೆ, ಮಂಕು ಕವಿದಿದೆ ಎಂದರೆ ಮನೆಮದ್ದಿನ ಮಾತೇ ಇಲ್ಲ, ಆಸ್ಪತ್ರೆ. ಗರ್ಭಿಣಿಯರೂ ಅಷ್ಟೇ, ಅವರಲ್ಲಿ ಕಡಿಮೆ ಶುಗರ್‌ನಲ್ಲೇ ಡಿಕೆಎ ಬರಬಹುದು, ಮಗುವಿಗೂ ಅಪಾಯ.

ಶುಗರ್ ಹೆಚ್ಚಿಲ್ಲದೆಯೂ ಡಿಕೆಎ ಎಂದ ಕೂಡಲೇ ನಾನು ಟೈಪ್ 2ನವರ ಕಡೆ, ಅಂದರೆ ಮೈಯಲ್ಲಿ ಇನ್ಸುಲಿನ್ ಇದ್ದೂ ಅದು ಸಾಲದೆ ಹೆಚ್ಚಾಗಿ ಮಾತ್ರೆ ತಿನ್ನುವವರ ಕಡೆ ತಿರುಗಬೇಕು. ಇಷ್ಟು ಹೊತ್ತು ‘ಇದು ಸೂಜಿ ಹಾಕಿಕೊಳ್ಳುವ ಮಕ್ಕಳ ವಿಷಯ’ ಎಂದು ನೀವು ಆರಾಮಾಗಿ ಕೂತಿದ್ದೀರಿ. ನಿಮ್ಮ ಮಾತ್ರೆಯ ಶೀಟು ತೆಗೆದು ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್: ಕೊನೆಯಲ್ಲಿ ‘ಗ್ಲಿಫ್ಲೋಜಿನ್’ ಎಂದಿದ್ದರೆ ಮುಂದಿನ ಮಾತು ನಿಮಗೇ. ಡಾಪಾದ ಪೇಟೆಂಟ್ 2020ರಲ್ಲಿ, ಎಂಪಾದ್ದು 2025ರ ಮಾರ್ಚಿನಲ್ಲಿ ನಮ್ಮ ದೇಶದಲ್ಲಿ ಮುಗಿಯಿತು. ಬೆಲೆ ಇಳಿಯಿತು, ಈಗ ಊರೂರಿನಲ್ಲಿ ಬರೆಯುತ್ತಾರೆ. ಬರೆಯುವುದಕ್ಕೆ ಕಾರಣವೂ ಇದೆ. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯ ರಕ್ಷಣೆ ಕೊಡುವ ಔಷಧಗಳಿವು. ಇವತ್ತು ನನ್ನ ಮಾತು ಕೇಳಿ ಮನೆಗೆ ಹೋಗಿ ನಿಲ್ಲಿಸಿಬಿಡಬೇಡಿ.

ಈ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ರಕ್ತದಲ್ಲಿ ಸಕ್ಕರೆ ತಗ್ಗಿರುತ್ತದೆ, ಇನ್ಸುಲಿನ್ನೂ ತಗ್ಗುತ್ತದೆ, ದೇಹ ಕೊಬ್ಬಿನ ಕಡೆ ವಾಲುತ್ತದೆ. ಸಾಮಾನ್ಯ ದಿನಗಳಲ್ಲಿ ಇದರಿಂದ ಏನೂ ಆಗುವುದಿಲ್ಲ. ಅದರ ಜೊತೆಗೆ ವಾಂತಿಭೇದಿ, ಆಪರೇಶನ್, ಕಠಿಣ ಉಪವಾಸ, ಅನ್ನ ಮುದ್ದೆ ಬಿಟ್ಟು ಕೊಬ್ಬನ್ನೇ ಹೆಚ್ಚು ತಿನ್ನುವ ಕೀಟೋ ಡಯಟ್, ವಿಪರೀತ ಕುಡಿತ ಇಂಥದ್ದು ಸೇರಿದರೆ, ಅಥವಾ ಇನ್ಸುಲಿನ್ನನ್ನು ಏಕಾಏಕಿ ಕಡಿಮೆ ಮಾಡಿದರೆ, ಮೀಟರಿನಲ್ಲಿ ಶುಗರ್ 160, 180 ಇರುವಾಗಲೇ ರಕ್ತ ಹುಳಿಯಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರ ಮೇ ತಿಂಗಳಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಅಪರೂಪ, ನಿಜ. ಅಪರೂಪವಾದ್ದರಿಂದಲೇ ಯಾರಿಗೂ ಹೊಳೆಯುವುದಿಲ್ಲ. ರೋಗಿಗೆ ವಾಂತಿ, ಸುಸ್ತು, ಉಸಿರಾಟ ಜೋರು. ಶುಗರ್ 170 ನೋಡಿ ಎಲ್ಲರೂ ‘ಶುಗರ್ ಚೆನ್ನಾಗಿದೆ, ಗ್ಯಾಸ್ಟ್ರಿಕ್ ಇರಬೇಕು’ ಎನ್ನುತ್ತಾರೆ.

ಹಾಗಾಗಿ ಈ ಮಾತ್ರೆ ತಿನ್ನುವವರು ಊಟ ನೀರು ಸೇರದಷ್ಟು ಕಾಯಿಲೆ ಬಿದ್ದರೆ ಆ ದಿನಗಳಲ್ಲಿ ಅದನ್ನು ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಆಪರೇಶನ್ ಇದ್ದರೆ ಮೂರು ದಿನ ಮೊದಲೇ ನಿಲ್ಲಿಸಬೇಕು. ನಿಮಗೆ ಬರೆದುಕೊಟ್ಟ ವೈದ್ಯರು ಒಬ್ಬರು, ಆಪರೇಶನ್ ಮಾಡುವವರು ಇನ್ನೊಬ್ಬರು, ಹೇಳಬೇಕಾದವರು ನೀವೇ. ಕ್ಯಾಶುಯಾಲಿಟಿಗೆ ಹೋದಾಗ ‘ನಾನು ಗ್ಲಿಫ್ಲೋಜಿನ್ ಮಾತ್ರೆ ತಗೊಳ್ತೀನಿ, ಕೀಟೋನ್ ನೋಡಿ’ ಎಂದು ಬಾಯಿಬಿಟ್ಟು ಹೇಳಿ. ವೈದ್ಯರಿಗೆ ಸಿಟ್ಟು ಬರುವುದಿಲ್ಲ. ಬಂದರೂ ಬರಲಿ. ಇನ್ನು ಟೈಪ್ 1 ಇರುವವರು ಪಕ್ಕದ ಮನೆಯವರಿಗೆ ಶುಗರ್ ಇಳಿಯಿತೆಂದು ಈ ಮಾತ್ರೆ ತಂದು ತಿನ್ನುವುದು, ಅಥವಾ ಯಾರೋ ಕೊಟ್ಟ ಪುಡಿ, ಕಷಾಯ ನಂಬಿ ಇನ್ಸುಲಿನ್ ಬಿಡುವುದು, ಎರಡೂ ಒಂದೇ ಜಾಗಕ್ಕೆ ತಂದು ಮುಟ್ಟಿಸುತ್ತವೆ. ಕಷಾಯ ಬೇಕಿದ್ದರೆ ಕುಡಿಯಲಿ, ನನ್ನ ತಕರಾರಿಲ್ಲ. ಸೂಜಿ ಬಿಡಬಾರದು ಅಷ್ಟೇ.

ಆಸ್ಪತ್ರೆಗೆ ಸೇರಿಸಿದ ಮೇಲೆ ಏನಾಗುತ್ತದೆ ಎಂದು ಗೊತ್ತಿದ್ದರೆ ನಿಮಗೂ ನಮಗೂ ಜಗಳ ಕಡಿಮೆ. ಮೊದಲು ಸಲೈನ್. ಡಿಕೆಎ ಆದ ದೊಡ್ಡವರ ಮೈಯಿಂದ ಸುಮಾರು ಆರು ಲೀಟರ್ ನೀರು ಹೋಗಿರುತ್ತದೆ. ಇನ್ಸುಲಿನ್ನನ್ನು ಪಂಪಿನಲ್ಲಿ ಸಣ್ಣಗೆ ಬಿಡುತ್ತಾರೆ. ರಕ್ತ ಪದೇ ಪದೇ ತೆಗೆಯುವುದು ಬಿಲ್ ಏರಿಸುವುದಕ್ಕಲ್ಲ, ಪೊಟ್ಯಾಶಿಯಂ ನೋಡುವುದಕ್ಕೆ. ಇನ್ಸುಲಿನ್ ಪೊಟ್ಯಾಶಿಯಂ ಅನ್ನು ಕೋಶಗಳೊಳಗೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಅದು ತೀರಾ ಕುಸಿದರೆ ಹೃದಯದ ಬಡಿತವೇ ಹದ ತಪ್ಪಬಹುದು. ಮಕ್ಕಳಲ್ಲಿ ಇನ್ನೊಂದು ಭಯ, ಮೆದುಳಿನ ಬಾವು. ಅದಕ್ಕೇ ಅವರಲ್ಲಿ ಎಲ್ಲವನ್ನೂ ನಿಧಾನವಾಗಿ ಮಾಡುತ್ತೇವೆ. ‘ಇನ್ನೂ ಯಾಕೆ ಶುಗರ್ ಇಳಿಸಿಲ್ಲ’ ಎಂದು ಆತುರ ಮಾಡಬೇಡಿ.

ಶುಗರ್ 250ರ ಆಸುಪಾಸಿಗೆ ಬಂದಾಗ ನರ್ಸ್ ಬಂದು ಡೆಕ್ಸ್‌ಟ್ರೋಸ್ ಬಾಟಲಿ ತೂಗುಹಾಕುತ್ತಾರೆ. ಅಲ್ಲಿ ಶುರುವಾಗುತ್ತದೆ ಗಲಾಟೆ. “ಶುಗರ್ ಪೇಶೆಂಟಿಗೆ ಗ್ಲೂಕೋಸ್ ಹಾಕ್ತಿದ್ದೀರಲ್ರೀ!” ಒಂದು ಸಲ ರೋಗಿಯ ಅಣ್ಣನೇ ಕೈಯಾರೆ ಡ್ರಿಪ್ಪಿನ ಗಾಲಿ ತಿರುಗಿಸಿ ನಿಲ್ಲಿಸಿಬಿಟ್ಟಿದ್ದ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ, ಏಕೆಂದರೆ ಆ ಏಳನೇ ಕ್ಲಾಸಿನ ಹುಡುಗಿಗೆ ಅದೇ ಬಾಟಲಿ ಕುತ್ತು ತಂದಿತ್ತು. ವ್ಯತ್ಯಾಸ ಏನೆಂದರೆ ಅಲ್ಲಿ ಜೊತೆಗೆ ಇನ್ಸುಲಿನ್ ಇರಲಿಲ್ಲ, ಇಲ್ಲಿ ಇದೆ. ಶುಗರ್ ಇಳಿದಿದೆ, ಕೀಟೋನ್ ಇನ್ನೂ ಇಳಿದಿಲ್ಲ. ಕೀಟೋನ್ ಹೋಗುವವರೆಗೆ ಇನ್ಸುಲಿನ್ ನಡೆಯುತ್ತಲೇ ಇರಬೇಕು. ಅಷ್ಟರಲ್ಲಿ ಲೋ ಶುಗರ್ ಆಗದಿರಲಿ ಎಂದು ಗ್ಲೂಕೋಸ್. ಮನೆಯ ಪಾನಕದ ಲೆಕ್ಕವೇ ಇಲ್ಲಿ ಬಾಟಲಿಯಲ್ಲಿ ತೂಗುತ್ತಿದೆ.

ನಿಮ್ಮಿಂದ ಪ್ರಶ್ನೆಯ ಚೀಟಿಗಳು ಬಂದಿವೆ, ಮೂರನ್ನು ತೆಗೆದುಕೊಳ್ಳುತ್ತೇನೆ.

“ಶಿವರಾತ್ರಿ, ರಂಜಾನ್ ಉಪವಾಸ ಮಾಡಬಹುದಾ?” ಟೈಪ್ 1ನವರಿಗೆ ಬೇಡ ಎನ್ನುವುದೇ ನನ್ನ ಮೊದಲ ಉತ್ತರ. ಮಾಡಿಯೇ ತೀರುತ್ತೇನೆ ಎನ್ನುವವರು ಒಂದೆರಡು ತಿಂಗಳು ಮುಂಚೆ ಬನ್ನಿ, ಡೋಸ್ ಬದಲಿಸಿ ಕಲಿಸಿಕೊಡುತ್ತೇವೆ. ರೋಜಾ ಇದ್ದಾಗ ಬೆರಳು ಚುಚ್ಚಿ ನೋಡಿದರೆ ರೋಜಾ ಮುರಿಯುವುದಿಲ್ಲ ಎಂದು ಧರ್ಮಗುರುಗಳೇ ಹೇಳಿದ್ದಾರೆ. ಶುಗರ್ 70ರ ಕೆಳಗೆ ಅಥವಾ 300ರ ಮೇಲೆ ಹೋದರೆ ಉಪವಾಸ ಬಿಟ್ಟುಬಿಡಬೇಕು.

“ಕೀಟೋ ಡಯಟ್ಟಿನಿಂದ ಶುಗರ್ ವಾಸಿಯಾಗುತ್ತದೆ ಅಂತ ವಿಡಿಯೊ ನೋಡಿದೆ.” ಅನ್ನ ಮುದ್ದೆ ಕಡಿಮೆ ಮಾಡಿದರೆ ಟೈಪ್ 2ನಲ್ಲಿ ಶುಗರ್ ಇಳಿಯುತ್ತದೆ, ಅದರಲ್ಲಿ ಸುಳ್ಳಿಲ್ಲ. ಆದರೆ ಗ್ಲಿಫ್ಲೋಜಿನ್ ಮಾತ್ರೆ ಮತ್ತು ಕೀಟೋ ಡಯಟ್ ಒಂದೇ ಮನೆಯಲ್ಲಿ ಇರಬಾರದು. ಟೈಪ್ 1ನವರು ಆ ವಿಡಿಯೊ ಕಡೆ ತಲೆ ಹಾಕಬೇಡಿ.

“ಮನೆಯಲ್ಲೇ ಕೀಟೋನ್ ಇಳಿಯಿತು. ಆಮೇಲೂ ಡಾಕ್ಟರ್ ಹತ್ತಿರ ಬರಬೇಕಾ?” ಬರಬೇಕು. ಯಾಕೆ ಏರಿತು ಎಂದು ಗೊತ್ತಾಗದಿದ್ದರೆ ಮತ್ತೆ ಏರುತ್ತದೆ. ಎಷ್ಟೋ ಸಲ ಕಾರಣ ಬಹಳ ಚಿಕ್ಕದು. ದಿನಾ ಒಂದೇ ಜಾಗಕ್ಕೆ ಚುಚ್ಚಿ ಹೊಟ್ಟೆಯ ಮೇಲೆ ಗಂಟು ಕಟ್ಟಿರುತ್ತದೆ, ಆ ಗಂಟಿಗೆ ಹಾಕಿದ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟ ಇನ್ಸುಲಿನ್ ಬೆಂದುಹೋಗಿರುತ್ತದೆ. ಫ್ರಿಜ್ ಇಲ್ಲದಿದ್ದರೆ ನೀರು ಹಾಕಿದ ಮಣ್ಣಿನ ಮಡಕೆಯೊಳಗೆ ಡಬ್ಬಿಯಲ್ಲಿಟ್ಟು ನೆರಳಲ್ಲಿಡಿ. ಇನ್ನೊಂದು ಸಿರಿಂಜಿನ ಗೋಜಲು. ನಮ್ಮಲ್ಲಿ ಸಿಗುವ ಸಾಮಾನ್ಯ ಇನ್ಸುಲಿನ್ ಶೀಷೆಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್ಟಿನದಕ್ಕೆ ಕಿತ್ತಳೆ ಮುಚ್ಚಳದ್ದು. ಅಂಗಡಿಯವರು ಕೆಂಪು ಖಾಲಿಯಾಗಿದೆ ಎಂದು ಕಿತ್ತಳೆ ಕೊಟ್ಟರೆ, 40ರ ಶೀಷೆಯಿಂದ ಅದರಲ್ಲಿ 20ರ ಗೆರೆಯವರೆಗೆ ಎಳೆದಾಗ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ದಿನಾ ತಪ್ಪದೆ ಸೂಜಿ ಹಾಕಿಕೊಂಡೂ ಕೀಟೋನ್ ಬಂದು ಅಡ್ಮಿಟ್ ಆದವರಲ್ಲಿ ಇದನ್ನು ಕಂಡಿದ್ದೇನೆ. ಆದ್ದರಿಂದ ಆಸ್ಪತ್ರೆಗೆ ಬರುವಾಗ ಔಷಧದ ಚೀಟಿ ಮಾತ್ರ ತರಬೇಡಿ. ಶೀಷೆ, ಸಿರಿಂಜ್, ಪೆನ್, ಮೀಟರ್, ಸ್ಟ್ರಿಪ್ ಡಬ್ಬಿ ಎಲ್ಲವನ್ನೂ ಒಂದು ಕೈಚೀಲಕ್ಕೆ ಹಾಕಿಕೊಂಡು ಬನ್ನಿ, ಮೇಜಿನ ಮೇಲೆ ಹರಡಿಕೊಂಡೇ ನೋಡೋಣ.